‘ತಾಂತ್ರಿಕ ದೋಷ’ ಅಂದರೆ ಯಾವ ದೋಷ ಅಂತ ಕೇಳಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಸಣ್ಣ ಸುದ್ದಿ ಬಂದಿತ್ತು. ಚಿಂತಾಮಣಿ ಕಡೆಯ ಕೆಲವು ರೈತರಿಗೆ ಹಾಲಿನ ದುಡ್ಡು ಜಮೆ ಆಗಿಲ್ಲ, ‘ತಾಂತ್ರಿಕ ದೋಷವೇ ಕಾರಣ’ ಅಂತ ಡೇರಿಯವರು ಹೇಳಿದ್ದಾರೆ. ಒಟ್ಟು ನಾಲ್ಕು ಸಾಲು. ಅದೊಂದು ಖಾಸಗಿ ಡೇರಿ. ನೀವು ಹೆಸರು ಹಾಕಿರಲಿಲ್ಲ, ನಾನೂ ಹಾಕುವುದಿಲ್ಲ. ಆದರೆ ಆ ದೋಷ ಯಾವುದು ಅಂತ ನನಗೆ ಗೊತ್ತು. ಅದನ್ನು ಹುಡುಕಿ ಸರಿ ಮಾಡಿದವಳು ನಾನೇ. ಅದು ಬರಲು ಕಾರಣರಾದವರಲ್ಲೂ ನಾನು ಒಬ್ಬಳು. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾದರೂ ಪ್ರಕಟಿಸಿ ಅಂತ ಕೇಳಿಕೊಳ್ಳುತ್ತೇನೆ.

ಹದಿನಾರು ವರ್ಷದಿಂದ ನನ್ನದು ಡೇಟಾಬೇಸ್ ಕೆಲಸ. ಆ ಡೇರಿಗೆ ಸಾಫ್ಟ್‌ವೇರ್ ಮಾಡಿಕೊಟ್ಟಿರುವ ಸಣ್ಣ ಕಂಪನಿಗೆ ಸೇರಿ ಆರು ವರ್ಷ ಆಯಿತು. ಹುಟ್ಟಿ ಬೆಳೆದಿದ್ದು ಇದೇ ಸೀಮೆಯ ಹಳ್ಳಿಯಲ್ಲಿ. ನಮ್ಮಮ್ಮ ಇವತ್ತಿಗೂ ಎರಡು ಹಸು ಕಟ್ಟಿಕೊಂಡಿದ್ದಾರೆ. ಹದಿನೈದು ದಿನಕ್ಕೊಮ್ಮೆ ಬರುವ ಬಟವಾಡೆ ಒಂದು ದಿನ ತಡವಾದರೆ ಹಿಂಡಿ ಅಂಗಡಿಯವರ ಮುಂದೆ ಹೇಗೆ ನಿಲ್ಲಬೇಕಾಗುತ್ತದೆ ಅಂತ ಚಿಕ್ಕಂದಿನಿಂದ ನೋಡಿದ್ದೇನೆ.

ನಡೆದಿದ್ದು ಹೀಗೆ. ಒಂದು ಊರಿನಲ್ಲಿ ಅಣ್ಣತಮ್ಮಂದಿರು ಭಾಗವಾದರು. ಜಮೀನು, ಮನೆ, ನಾಲ್ಕು ಸೀಮೆಹಸು, ಎಲ್ಲ ಸಮಪಾಲು. ಹಾಲಿನ ಕೇಂದ್ರದಲ್ಲಿ ಮನೆಯ ನಂಬರು 47 ಇತ್ತು. ಅದು ಅಣ್ಣನಿಗೇ ಉಳಿಯಿತು. ತಮ್ಮನಿಗೆ 47ಎ ಅಂತ ಹೊಸ ನಂಬರು ಕೊಟ್ಟರು. ಮಾರನೇ ದಿನದಿಂದ ತಮ್ಮನ ಹೆಂಡತಿ ತಮ್ಮ ಪಾಲಿನ ಎರಡು ಹಸುಗಳ ಹಾಲನ್ನು ಬೇರೆ ಕ್ಯಾನಿನಲ್ಲಿ ತಂದು ಹಾಕತೊಡಗಿದರು.

ಮೊದಲ ಬಟವಾಡೆಗೆ ಅವರ ಖಾತೆಗೆ ಒಂದು ರೂಪಾಯಿಯೂ ಬರಲಿಲ್ಲ. ಹೊಸ ನಂಬರು, ತಡ ಆಗಿರಬಹುದು ಅಂದುಕೊಂಡರು. ಎರಡನೆಯದೂ ಬರಲಿಲ್ಲ, ಮೂರನೆಯದೂ ಬರಲಿಲ್ಲ. ಅಣ್ಣನ ಖಾತೆಗೆ ಮಾತ್ರ ನಾಲ್ಕು ಹಸುಗಳ ದುಡ್ಡೂ ಹೋಗುತ್ತಿತ್ತು. ಆ ಖಾತೆ ನೋಡಿಕೊಳ್ಳುವುದು ಬೆಂಗಳೂರಿನಲ್ಲಿ ಓದುತ್ತಿರುವ ಅವರ ಮಗ. ಅವನಿಗೆ ಮೊದಲಿನಿಂದ ಬರುತ್ತಿದ್ದಷ್ಟೇ ದುಡ್ಡು ಬಂದಿತ್ತು. ಅನುಮಾನ ಯಾಕೆ ಬರಬೇಕು?

ಇತ್ತ ತಮ್ಮನ ಮನೆಯಲ್ಲಿ ಅನುಮಾನ ಬೇರೆಯದೇ ದಾರಿ ಹಿಡಿಯಿತು. ಅಣ್ಣ ಕೇಂದ್ರದವನ ಜತೆ ಸೇರಿಕೊಂಡು ನಮ್ಮ ದುಡ್ಡು ತಿನ್ನುತ್ತಿದ್ದಾನೆ ಅಂತ. ಅಣ್ಣತಮ್ಮ ಮಾತು ಬಿಟ್ಟರು. ಹಾಲು ಅಳೆಯುವ ಹುಡುಗನನ್ನು ಊರಿನ ನಾಲ್ಕು ಜನರ ಮುಂದೆ ನಿಲ್ಲಿಸಿ ಕೇಳಿದರು. ಅವನಿಗೆ ತಿಂಗಳಿಗೆ ಸಿಗುವ ಸಂಬಳವೇ ಕಡಿಮೆ. ‘ನಾನು ಎಲ್ಲಾ ಸರಿಯಾಗೇ ಎಂಟ್ರಿ ಮಾಡಿದ್ದೀನಿ’ ಅಂತ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಡೇರಿಗೆ ಫೋನ್ ಮಾಡಿದರೆ ಒಂದೇ ಉತ್ತರ: ತಾಂತ್ರಿಕ ದೋಷ, ಸರಿಹೋಗುತ್ತೆ.

ದೂರು ನಮ್ಮ ಕಂಪನಿಗೆ ಬಂದ ಮೇಲೆ ನಾನು ಆ ಊರಿಗೆ ಹೋದೆ. ತಮ್ಮನ ಹೆಂಡತಿ ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಹಾಲು ಹಾಕಿದಾಗ ಯಂತ್ರ ಕೊಡುವ ಚೀಟಿಗಳೆಲ್ಲ ಅದರಲ್ಲಿದ್ದವು. ಬೆಳಿಗ್ಗೆಯದು ಒಂದು ಕಟ್ಟು, ಸಂಜೆಯದು ಒಂದು ಕಟ್ಟು, ಎರಡಕ್ಕೂ ರಬ್ಬರ್ ಬ್ಯಾಂಡ್. ಮೇಲಿನ ಚೀಟಿ ನನಗೆ ಇನ್ನೂ ನೆನಪಿದೆ. ನಂಬರು 47ಎ, 6.2 ಲೀಟರ್, ಫ್ಯಾಟ್ 4.1, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) 8.5, ದರ 33.50, ಮೊತ್ತ 207 ರೂಪಾಯಿ 70 ಪೈಸೆ. ಅಷ್ಟು ಚೀಟಿಗಳಲ್ಲಿ ಒಂದೂ ತಪ್ಪಿರಲಿಲ್ಲ. ಬಿಸಿಗೆ ಅಚ್ಚಾಗುವ ಕಾಗದ ಅದು, ಕೆಲವು ಆಗಲೇ ಮಾಸಿದ್ದವು. ಮಾಸಿದ್ದರ ಹಿಂದೆ ಅವರು ಪೆನ್ನಿನಲ್ಲಿ ಮತ್ತೆ ಬರೆದಿಟ್ಟಿದ್ದರು.

ಅಂದರೆ ಹಾಲು ಅಳೆದಿದ್ದು ಸರಿ, ಬರೆದುಕೊಂಡಿದ್ದು ಸರಿ. ಆ ಹುಡುಗನ ತಪ್ಪು ಎಳ್ಳಷ್ಟೂ ಇಲ್ಲ. ತಪ್ಪು ಇದ್ದಿದ್ದು ಆಮೇಲೆ, ರಾತ್ರಿ ನಡೆಯುವ ಲೆಕ್ಕದಲ್ಲಿ.

ಅದನ್ನು ಸ್ವಲ್ಪ ವಿವರಿಸುತ್ತೇನೆ. ಕಷ್ಟದ ವಿಷಯ ಏನಲ್ಲ. ಡೇರಿಯ ಲೆಕ್ಕವೆಲ್ಲ ಇರುವುದು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿ. ಬಟವಾಡೆಯ ಲೆಕ್ಕ ಮಾಡುವ ಸೂಚನೆಗಳೂ ಆ ಡೇಟಾಬೇಸ್ ಒಳಗೇ ಕೂತಿರುತ್ತವೆ. ಅದಕ್ಕೆ ಸ್ಟೋರ್ಡ್ ಪ್ರೊಸೀಜರ್ ಅಂತಾರೆ. ಒಮ್ಮೆ ಬರೆದಿಟ್ಟರೆ ಮುಗಿಯಿತು, ಹದಿನೈದು ದಿನಕ್ಕೊಮ್ಮೆ ರಾತ್ರಿ ತಾನಾಗೇ ಓಡುತ್ತದೆ. ಸದಸ್ಯರ ಪಟ್ಟಿಯಿಂದ ಒಬ್ಬೊಬ್ಬರ ನಂಬರನ್ನು ಎತ್ತಿಕೊಳ್ಳುತ್ತದೆ. ಆ ನಂಬರಿನ ಹಾಲನ್ನೆಲ್ಲ ಕೂಡಿಸುತ್ತದೆ. ಈ ನಂಬರಿಗೆ ಈ ಸಲದ ಬಟವಾಡೆ ಆಗಲೇ ಆಗಿದೆಯಾ ಅಂತ ನೋಡುತ್ತದೆ. ಆಗಿಲ್ಲದಿದ್ದರೆ ದುಡ್ಡು ಬರೆಯುತ್ತದೆ, ಆಗಿದ್ದರೆ ಬಿಟ್ಟು ಮುಂದೆ ಹೋಗುತ್ತದೆ.

ಈ ಪ್ರೊಸೀಜರ್ ಬರೆದಿದ್ದು 2012ರಲ್ಲಿ. ಆಗ ಸದಸ್ಯರ ನಂಬರು ಬರೀ ಅಂಕಿ. ಹಾಗಾಗಿ ಟೇಬಲ್‌ನ ಕಾಲಂ ಕೂಡ ಸಂಖ್ಯೆಯ ಟೈಪು, ಪ್ರೊಸೀಜರ್ ಒಳಗೆ ನಂಬರನ್ನು ಹಿಡಿದಿಟ್ಟುಕೊಳ್ಳುವ ವೇರಿಯೇಬಲ್ ಕೂಡ ಸಂಖ್ಯೆಯ ಟೈಪು. ನಮ್ಮ ಭಾಷೆಯಲ್ಲಿ ಎರಡೂ ‘ಇಂಟ್’. ಕಳೆದ ವರ್ಷ ಡೇರಿಯವರು ಬಂದು, ಭಾಗವಾದ ಮನೆಗಳಿಗೆ 47ಎ, 47ಬಿ ಅಂತ ಕೊಡಬೇಕು ಅಂದರು. ನಾವು ಕಾಲಂ ಅನ್ನು ಅಕ್ಷರದ ಟೈಪಿಗೆ, ಅಂದರೆ ‘ವಾರ್‌ಚಾರ್’ಗೆ ಬದಲಿಸಿದೆವು. ಪರದೆ ಬದಲಿಸಿದೆವು. ಚೀಟಿ ಬದಲಿಸಿದೆವು. ಹಾಲು ಹಾಕಿ ನೋಡಿ ಪರೀಕ್ಷೆ ಮಾಡಿದೆವು. ಬಟವಾಡೆ ಓಡಿಸಿ ನೋಡಲಿಲ್ಲ. ಪ್ರೊಸೀಜರ್ ಒಳಗಿನ ವೇರಿಯೇಬಲ್ ಇಂಟ್ ಆಗಿಯೇ ಉಳಿಯಿತು. ಕಾಲಂ ಬದಲಾಯಿತು, ಒಳಗಿನದನ್ನೂ ನೋಡಿ ಅಂತ ಮೈಎಸ್‌ಕ್ಯೂಎಲ್ ತಾನಾಗಿ ಹೇಳುವುದಿಲ್ಲ.

ಅಕ್ಷರದ ಟೈಪಿನ ‘47ಎ’ಯನ್ನು ಇಂಟ್ ವೇರಿಯೇಬಲ್‌ಗೆ ಹಾಕಿದರೆ ಏನಾಗುತ್ತದೆ? ಡೇಟಾಬೇಸ್ ಎಡಗಡೆಯಿಂದ ಓದುತ್ತಾ ಬರುತ್ತದೆ. 4 ಅಂಕಿ, ಸರಿ. 7 ಅಂಕಿ, ಸರಿ. ಆಮೇಲೆ ‘ಎ’ ಬಂತು, ಅಂಕಿಯಲ್ಲ. ಅಲ್ಲಿಗೆ ನಿಲ್ಲಿಸಿ ಬರೀ 47 ಇಟ್ಟುಕೊಳ್ಳುತ್ತದೆ. ಹುಡುಕುವಾಗಲೂ ಅಷ್ಟೇ. ಅಕ್ಷರದ ಕಾಲಂ ಅನ್ನು ಸಂಖ್ಯೆಯ ಜತೆ ಹೋಲಿಸಲು ಹೇಳಿದರೆ ಎರಡನ್ನೂ ದಶಮಾಂಶದ ಸಂಖ್ಯೆ ಮಾಡಿಕೊಂಡು ಹೋಲಿಸುತ್ತದೆ. ಆಗ ‘47’, ‘047’, ‘47ಎ’, ‘47ಬಿ’ ಎಲ್ಲವೂ 47ಕ್ಕೆ ಸಮ.

ಈಗ ಆ ಮನೆಗೆ ಬನ್ನಿ. ಪ್ರೊಸೀಜರ್ ಮೊದಲು 47 ಎತ್ತಿಕೊಂಡಿತು. 47ರ ಹಾಲು ಕೂಡಿಸುವಾಗ 47ಎ ಹಾಲೂ ಸೇರಿಕೊಂಡಿತು. ಒಟ್ಟು ದುಡ್ಡು ಅಣ್ಣನಿಗೆ ಬರೆಯಿತು. ಆಮೇಲೆ 47ಎ ಎತ್ತಿಕೊಂಡಿತು, ಅದೂ ಕೈಯಲ್ಲಿ 47 ಆಯಿತು. 47ಕ್ಕೆ ಈ ಸಲದ ಬಟವಾಡೆ ಆಗಿದೆ ಅಂತ ಬಿಟ್ಟು ಮುಂದೆ ಹೋಯಿತು. ಒಟ್ಟು ಲೀಟರ್ ತಾಳೆ ಆಗುತ್ತಿತ್ತು. ಒಟ್ಟು ದುಡ್ಡು ತಾಳೆ ಆಗುತ್ತಿತ್ತು. ಡೇರಿಯ ಲೆಕ್ಕಿಗರು ತಿಂಗಳ ಕೊನೆಗೆ ನೋಡಿದರೆ ಒಂದು ಪೈಸೆ ಹೆಚ್ಚುಕಡಿಮೆ ಇಲ್ಲ. ಒಂದು ಮನೆಯ ದುಡ್ಡು ಇನ್ನೊಂದು ಮನೆಗೆ ಹೋಗಿದ್ದು ಯಾವ ಮೊತ್ತದಲ್ಲೂ ಕಾಣುವ ಹಾಗಿರಲಿಲ್ಲ.

ಇಷ್ಟು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಕಂಡುಹಿಡಿಯಲು ನನಗೆ ಮೂರು ದಿನ ಹಿಡಿಯಿತು. ಯಾಕೆ ಅಂತ ಹೇಳಲೇಬೇಕು. ನನ್ನ ಹಾಗೆ ಈ ಕೆಲಸ ಮಾಡುವ ನೂರಾರು ಜನ ನಿಮ್ಮ ಓದುಗರಲ್ಲೇ ಇದ್ದಾರೆ.

ವೇರಿಯೇಬಲ್ ಇಂಟ್ ಆಗಿರುವುದು ಮೊದಲ ದಿನವೇ ಕಣ್ಣಿಗೆ ಬಿತ್ತು. ಆದರೆ ನಾನು ಹೀಗೆ ಯೋಚಿಸಿದೆ: ಇದೇ ತಪ್ಪಾಗಿದ್ದರೆ ಪ್ರೊಸೀಜರ್ ಓಡುತ್ತಲೇ ಇರಲಿಲ್ಲವಲ್ಲ. ನಮ್ಮ ಸರ್ವರ್ ಈಗ ಮೈಎಸ್‌ಕ್ಯೂಎಲ್ 8.0. 5.7 ಆವೃತ್ತಿಯಿಂದ ಈಚೆಗೆ ಸ್ಟ್ರಿಕ್ಟ್ ಮೋಡ್ ತಾನಾಗೇ ಆನ್ ಇರುತ್ತದೆ. ಅದು ಆನ್ ಇದ್ದರೆ, ಟೈಪಿಗೆ ಹೊಂದದ ಮಾಹಿತಿ ಬಂದಾಗ ಎರರ್ ಕೊಟ್ಟು ನಿಲ್ಲಬೇಕು. ಪರೀಕ್ಷೆಯ ಸರ್ವರ್‌ನಲ್ಲಿ ಅದೇ ಪ್ರೊಸೀಜರ್ ಅನ್ನು ಅಕ್ಷರ ಬಿಡದೆ ನಕಲು ಮಾಡಿ ಹಾಕಿದೆ. ಓಡಿಸಿದೆ. 47ಎ ಬಂದ ಕೂಡಲೇ ಎರರ್ ಕೊಟ್ಟು ನಿಂತಿತು. ನಿಜವಾದ ಸರ್ವರ್‌ನಲ್ಲಿ ಮಾತ್ರ ಸದ್ದಿಲ್ಲದೆ ಕೊನೆಯವರೆಗೂ ಓಡುತ್ತಿತ್ತು. ಅದೇ ಬರಹ, ಅದೇ 8.0, ಅದೇ ಮಾಹಿತಿ. ಎರಡು ಕಡೆ ಎರಡು ನಡವಳಿಕೆ.

ಎರಡನೇ ದಿನವೆಲ್ಲ ಸರ್ವರ್‌ನ ಸೆಟ್ಟಿಂಗ್ ಹೋಲಿಸುತ್ತಾ ಕೂತೆ. ವ್ಯತ್ಯಾಸವೇ ಇಲ್ಲ. ಮೂರನೇ ದಿನ ಮಧ್ಯಾಹ್ನ ಪ್ರೊಸೀಜರ್‌ನ ಬರಹವನ್ನು ಮತ್ತೊಮ್ಮೆ ತೆಗೆದೆ. ಅದನ್ನು ತೋರಿಸುವ ಆಜ್ಞೆ ಬರಹದ ಜತೆಗೆ ಇನ್ನೂ ಕೆಲವು ಕಾಲಂ ಕೊಡುತ್ತದೆ. ಅದರಲ್ಲಿ ‘ಎಸ್‌ಕ್ಯೂಎಲ್ ಮೋಡ್’ ಒಂದು, ಅಂದರೆ ಸ್ಟ್ರಿಕ್ಟ್ ಮೋಡ್‌ನಂಥ ನಿಯಮಗಳಲ್ಲಿ ಯಾವುವು ಆನ್ ಇವೆ ಅನ್ನುವ ಪಟ್ಟಿ. ಇಷ್ಟು ವರ್ಷ ಅದರ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗುತ್ತಿದ್ದೆ. ಅವತ್ತು ನಿಂತು ನೋಡಿದೆ. ನಿಜವಾದ ಸರ್ವರ್‌ನಲ್ಲಿ ಅದು ಖಾಲಿ. ಪರೀಕ್ಷೆಯ ಸರ್ವರ್‌ನಲ್ಲಿ ಸ್ಟ್ರಿಕ್ಟ್ ಮೋಡ್ ಸೇರಿ ಉದ್ದದ ಪಟ್ಟಿ.

ಮೈಎಸ್‌ಕ್ಯೂಎಲ್‌ನ ನಿಯಮ ಇದು. ಒಂದು ರೂಟೀನ್ ಅನ್ನು (ಪ್ರೊಸೀಜರ್‌ನಂಥವಕ್ಕೆ ಒಟ್ಟಾಗಿ ಹೀಗಂತಾರೆ) ಬರೆದು ಸೇರಿಸಿದ ಹೊತ್ತಿನಲ್ಲಿ ಯಾವ ಎಸ್‌ಕ್ಯೂಎಲ್ ಮೋಡ್ ಇತ್ತೋ, ಅದನ್ನು ರೂಟೀನ್ ಜತೆಗೇ ಕಟ್ಟಿಡುತ್ತದೆ. ಮುಂದೆ ಯಾವಾಗ ಓಡಿದರೂ ಅದೇ ಮೋಡ್‌ನಲ್ಲಿ ಓಡುತ್ತದೆ. ಸರ್ವರ್‌ನ ಈಗಿನ ಮೋಡ್ ಏನೇ ಇರಲಿ. 2012ರಲ್ಲಿ ನಮ್ಮದು 5.5 ಆವೃತ್ತಿ. ಅದರ ಮೂಲ ಸೆಟ್ಟಿಂಗ್‌ನಲ್ಲಿ ಸ್ಟ್ರಿಕ್ಟ್ ಮೋಡ್ ಇರಲಿಲ್ಲ. ಆವೃತ್ತಿ ಬದಲಿಸಿದಾಗ, ಬ್ಯಾಕಪ್‌ನಿಂದ ಹೊಸ ಯಂತ್ರಕ್ಕೆ ಸಾಗಿಸಿದಾಗ, ಆ ಹಳೇ ಮೋಡ್ ಕೂಡ ಹಿಂದೆಯೇ ಬಂತು. ಬ್ಯಾಕಪ್ ಫೈಲು ಪ್ರತಿ ರೂಟೀನ್‌ಗೂ ಅದರ ಮೋಡ್ ಅನ್ನು ನಿಷ್ಠೆಯಿಂದ ಬರೆದಿಟ್ಟಿರುತ್ತದೆ. ನಾನು ಪರೀಕ್ಷೆಯ ಸರ್ವರ್‌ನಲ್ಲಿ ಬರಹವನ್ನು ಮಾತ್ರ ನಕಲು ಮಾಡಿದ್ದೆ, ಹಾಗಾಗಿ ಅಲ್ಲಿ ಅದಕ್ಕೆ ಇಂದಿನ ಮೋಡ್ ಸಿಕ್ಕಿತು. ಹಳೆಯದು ತಪ್ಪನ್ನು ಬರೀ ವಾರ್ನಿಂಗ್ ಮಾಡಿ ಬಿಡುತ್ತಿತ್ತು. ನಡುರಾತ್ರಿ ತಾನಾಗೇ ಓಡುವ ಕೆಲಸದ ವಾರ್ನಿಂಗ್ ಯಾರು ಓದುತ್ತಾರೆ?

ಇನ್ನೊಂದು ಸೂಚನೆ ಮೊದಲೇ ಸಿಕ್ಕಿತ್ತು, ಅದನ್ನು ನಾವು ಓದಲಿಲ್ಲ. ಕಾಲಂ ಬದಲಿಸಿದ ಮೇಲೆ ಬಟವಾಡೆಗೆ ತುಂಬಾ ಹೊತ್ತು ಹಿಡಿಯತೊಡಗಿತ್ತು. ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿಯುತ್ತಿದ್ದ ಕೆಲಸ ಮುಕ್ಕಾಲು ಗಂಟೆ ಓಡುತ್ತಿತ್ತು. ಮಾಹಿತಿ ಜಾಸ್ತಿ ಆಗಿದೆ ಅಂತ ಸರ್ವರ್‌ಗೆ ಮೆಮೊರಿ ಹಾಕಿಸಿದೆವು. ಅಕ್ಷರದ ಕಾಲಂ ಅನ್ನು ಸಂಖ್ಯೆಯ ಜತೆ ಹೋಲಿಸಿದರೆ ಮೈಎಸ್‌ಕ್ಯೂಎಲ್‌ಗೆ ಇಂಡೆಕ್ಸ್, ಅಂದರೆ ಬೇಕಾದ ಸಾಲನ್ನು ಬೇಗ ಹುಡುಕಲು ಇರುವ ಸೂಚಿ, ಬಳಸಲು ಆಗುವುದಿಲ್ಲ. ಒಂದೊಂದು ಸದಸ್ಯರಿಗೂ ಇಡೀ ಟೇಬಲ್ ಅನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ನಿಧಾನ ಆಗಿದ್ದು ಅದಕ್ಕೆ.

ಸರಿ ಮಾಡಿದ್ದು ಒಂದೇ ಸಾಲು. ವೇರಿಯೇಬಲ್ ಅನ್ನು ಇಂಟ್‌ನಿಂದ ಕಾಲಂನಷ್ಟೇ ಉದ್ದದ ವಾರ್‌ಚಾರ್ ಮಾಡಿ, ಪ್ರೊಸೀಜರ್ ಅನ್ನು ಇಂದಿನ ಮೋಡ್‌ನಲ್ಲಿ ಮತ್ತೆ ಸೇರಿಸಿದೆ. ಮೊದಲ ಸಲ ಓಡಿಸಿದಾಗ ಹೊಸ ಎರರ್ ಬಂತು: ಕೊಲೇಶನ್ ಬೆರಕೆ ಆಗಿದೆ ಅಂತ. ಅಕ್ಷರಗಳನ್ನು ಹೋಲಿಸುವ ನಿಯಮಕ್ಕೆ ಕೊಲೇಶನ್ ಅಂತಾರೆ. ಟೇಬಲ್‌ನದು ಹಳೇ ನಿಯಮ, 8.0ರಲ್ಲಿ ಹೊಸದಾಗಿ ಹುಟ್ಟಿದ ವೇರಿಯೇಬಲ್‌ಗೆ ಹೊಸ ನಿಯಮ. ವೇರಿಯೇಬಲ್ ಸಾಲಿನಲ್ಲೇ ಟೇಬಲ್‌ನ ಕೊಲೇಶನ್ ಬರೆದ ಮೇಲೆ ಓಡಿತು. ಆ ಎರರ್ ಕಂಡು ನನಗೆ ಬೇಸರ ಆಗಲಿಲ್ಲ, ನಿಜ ಹೇಳಬೇಕೆಂದರೆ ಸಮಾಧಾನವೇ ಆಯಿತು. ಹೊಂದುತ್ತಿಲ್ಲ ಅಂತ ಬಾಯಿ ಬಿಟ್ಟು ಹೇಳಿತಲ್ಲ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ 2008ರಲ್ಲಿ ತನ್ನ 8.3 ಆವೃತ್ತಿಯಲ್ಲಿ ಇಂಥ ತಾನಾಗೇ ಆಗುವ ಎಷ್ಟೋ ಟೈಪು ಬದಲಾವಣೆಗಳನ್ನು ತೆಗೆದೇ ಹಾಕಿತು. ಅಕ್ಷರದ ಕಾಲಂ ಅನ್ನು ಸಂಖ್ಯೆಯ ಜತೆ ಹೋಲಿಸಿದರೆ ಅದು ಎರರ್ ಕೊಟ್ಟು ನಿಲ್ಲುತ್ತದೆ. ಹಳೇ ಪ್ರೋಗ್ರಾಂಗಳು ಓಡುವುದಿಲ್ಲ ಅಂತ ಆಗ ತುಂಬಾ ಜನ ಗೊಣಗಿದ್ದರು. ನನ್ನ ಮಟ್ಟಿಗೆ ಅದೇ ಸರಿಯಾದ ದಾರಿ. ಒರಾಕಲ್ ಎಂಬ ಡೇಟಾಬೇಸ್‌ನಲ್ಲಿ, ಪೋಸ್ಟ್‌ಗ್ರೆಸ್‌ನಲ್ಲಿ ವೇರಿಯೇಬಲ್‌ಗೆ ‘ಆ ಕಾಲಂನ ಟೈಪು ಏನೋ ಅದೇ ಇದರದ್ದೂ’ ಅಂತ ಬರೆಯುವ ಸೌಲಭ್ಯ ಇದೆ. 10.3 ಆವೃತ್ತಿಯಿಂದ ಮಾರಿಯಾಡಿಬಿ ಎಂಬ ಡೇಟಾಬೇಸ್‌ನಲ್ಲೂ ಇದೆ. ಅದಿದ್ದರೆ ಬಳಸಿ. ಮೈಎಸ್‌ಕ್ಯೂಎಲ್ 8.0ರಲ್ಲಿ ಅದಿಲ್ಲ, ಕಾಲಂ ಬದಲಿಸಿದಾಗಲೆಲ್ಲ ರೂಟೀನ್‌ಗಳನ್ನು ನಾವೇ ಹುಡುಕಿ ನೋಡಬೇಕು.

ಒಂದನ್ನು ಸರಿ ಮಾಡಿ ಬಿಡಲು ಮನಸ್ಸು ಒಪ್ಪಲಿಲ್ಲ. ಎಲ್ಲ ರೂಟೀನ್‌ಗಳ ಮೋಡ್ ತೋರಿಸುವ ಒಂದು ಟೇಬಲ್ ಡೇಟಾಬೇಸ್‌ನಲ್ಲೇ ಇರುತ್ತದೆ. ಅದರಲ್ಲಿ ಮೋಡ್ ಖಾಲಿ ಇದ್ದವನ್ನು ತೆಗೆದರೆ ಇನ್ನೂ ಹನ್ನೊಂದು ಸಿಕ್ಕವು. ಒಂದೊಂದಾಗಿ ಓದಿದೆ. ಬಹುತೇಕ ಸರಿ ಇದ್ದವು. ಒಂದು ಮಾತ್ರ ನೋಡಿ ಎದೆ ಧಸಕ್ ಅಂತು. ಹೊಸ ಸದಸ್ಯರ ಪಟ್ಟಿಯನ್ನು ಒಟ್ಟಿಗೆ ಸೇರಿಸುವ ರೂಟೀನ್ ಅದು. ಅದರೊಳಗೆ ಮೊಬೈಲ್ ನಂಬರಿನ ವೇರಿಯೇಬಲ್ ಕೂಡ ಇಂಟ್. ಇಂಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647. ನಮ್ಮ ದೇಶದ ಮೊಬೈಲ್ ನಂಬರುಗಳು 6ರಿಂದ 9ರವರೆಗಿನ ಅಂಕಿಯಿಂದ ಶುರುವಾಗುವ ಹತ್ತಂಕಿಗಳು. ಒಂದೂ ಅದರಲ್ಲಿ ಹಿಡಿಸುವುದಿಲ್ಲ. ಸ್ಟ್ರಿಕ್ಟ್ ಮೋಡ್ ಇಲ್ಲದಿದ್ದರೆ ಡೇಟಾಬೇಸ್ ಹಿಡಿಸುವಷ್ಟಕ್ಕೆ ಕತ್ತರಿಸಿ ಸುಮ್ಮನಾಗುತ್ತದೆ. ಆ ದಾರಿಯಲ್ಲಿ ಸೇರಿದ ಪ್ರತಿಯೊಬ್ಬ ರೈತರ ಮೊಬೈಲೂ ಒಂದೇ ಆಗಿತ್ತು, 2147483647. ಪರದೆಯ ತುಂಬ ಮೇಲಿನಿಂದ ಕೆಳಗಿನವರೆಗೆ ಅದೇ ಸಂಖ್ಯೆ. ಅವರಿಗ್ಯಾರಿಗೂ ಬಟವಾಡೆಯ ಮೆಸೇಜ್ ಹೋಗಿರಲಿಲ್ಲ. ‘ನಮಗೆ ಮೆಸೇಜೇ ಬರಲ್ಲ’ ಅಂತ ಅವರು ಕೇಂದ್ರದಲ್ಲಿ ಹೇಳಿದಾಗ ಸಿಕ್ಕ ಉತ್ತರ ಏನು ಅಂತ ನಿಮಗೆ ಗೊತ್ತೇ ಇದೆ.

ಎಲ್ಲ ಸರಿ ಆದ ಮೇಲೆ ಮತ್ತೆ ಆ ಊರಿಗೆ ಹೋದೆ. ಅಣ್ಣತಮ್ಮ ಇಬ್ಬರನ್ನೂ, ಹಾಲು ಅಳೆಯುವ ಹುಡುಗನನ್ನೂ ಕೂರಿಸಿಕೊಂಡು ಒಂದು ಹಾಳೆಯ ಮೇಲೆ 47 ಮತ್ತು 47ಎ ಬರೆದು ತೋರಿಸಿದೆ. ಕಂಪ್ಯೂಟರು ‘ಎ’ ಬಿಟ್ಟು ಓದಿತು ಅಂದೆ. ತಮ್ಮನ ಹೆಂಡತಿ ಸ್ವಲ್ಪ ಹೊತ್ತು ನೋಡಿ ಕೇಳಿದರು: ‘ಅಲ್ಲಮ್ಮಾ, ಜಮೀನು ಭಾಗ ಆದಾಗ ಪಹಣಿಯಲ್ಲಿ 112/1, 112/2 ಅಂತ ಬೇರೆ ಬೇರೆ ಬಂತು. ಎರಡನ್ನೂ 112 ಅಂತ ಯಾರಾದರೂ ಓದ್ತಾರಾ?’

ಹದಿನಾರು ವರ್ಷದ ಕೆಲಸದಲ್ಲಿ ಇದನ್ನು ಇಷ್ಟು ಚೆನ್ನಾಗಿ ಯಾರೂ ನನಗೆ ಹೇಳಿರಲಿಲ್ಲ. ಸರ್ವೆ ನಂಬರನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಬೆಂಗಳೂರಿನಲ್ಲಿ 500ಡಿ ಬಸ್ಸಿಗೆ ಕಾಯುವವರು 500ರಿಂದ ಶುರುವಾಗುವ ಯಾವುದೋ ಬಸ್ಸು ಹತ್ತುವುದಿಲ್ಲ. ಬೆಂಗಳೂರಿನ 080 ಅನ್ನು ಎಕ್ಸೆಲ್‌ನಲ್ಲಿ ಹೊಡೆದರೆ 80 ಆಗುತ್ತದೆ, ಸೊನ್ನೆ ಹೋದ ಮೇಲೆ ಅದು ನಾವು ಹೊಡೆಯುವ ಕೋಡ್ ಅಲ್ಲ. ಅಡುಗೆ ಗ್ಯಾಸಿನ ಐಡಿ 17 ಅಂಕಿಯದ್ದು. ದಶಮಾಂಶದ ಸಂಖ್ಯೆ ಮಾಡಿಕೊಂಡು ಹೋಲಿಸುವ ಲೆಕ್ಕ 9007199254740992ರವರೆಗೆ ಮಾತ್ರ ಒಂದೊಂದು ಸಂಖ್ಯೆಯನ್ನೂ ಬೇರೆಯಾಗಿ ಗುರುತಿಸಬಲ್ಲದು. ಅದು 16 ಅಂಕಿ. ಅದರಾಚೆಗೆ ಅಕ್ಕಪಕ್ಕದ ಎರಡು ಐಡಿಗಳು ಒಂದೇ ಆಗಿ ಕಾಣಬಹುದು. ನೋಡಲು ಸಂಖ್ಯೆಯ ಹಾಗಿದ್ದರೂ ಇವೆಲ್ಲ ಹೆಸರುಗಳು. ಹೆಸರನ್ನು ಹೆಸರಿನ ಹಾಗೇ, ಅಕ್ಷರದ ಟೈಪಿನಲ್ಲೇ ಇಡಬೇಕು. ಕಾಲಂನಲ್ಲೂ, ವೇರಿಯೇಬಲ್‌ನಲ್ಲೂ.

ತಮ್ಮನ ದುಡ್ಡು ಈಗ ಬಂದಿದೆ. ಆದರೆ ಅಣ್ಣನಿಗೆ ಹೆಚ್ಚು ಹೋಗಿದ್ದನ್ನು ಡೇರಿಯವರು ಮುಂದಿನ ಬಟವಾಡೆಗಳಲ್ಲಿ ಹಿಡಿದುಕೊಳ್ಳುತ್ತಿದ್ದಾರೆ. ಅವರ ಮಗನಿಗೆ ಬಂದ ಮೆಸೇಜ್‌ನಲ್ಲಿ ಕಾರಣ: ತಾಂತ್ರಿಕ ದೋಷ. ನಾನು ಹೋಗಿ ಹೇಳದಿದ್ದರೆ ಈಗ ಅನುಮಾನ ಪಡುವ ಸರದಿ ಅಣ್ಣನದಾಗುತ್ತಿತ್ತು.

ಸಂಪಾದಕರೇ, ನಾನು ಕೇಳಿಕೊಳ್ಳುವುದು ಇಷ್ಟೇ. ‘ತಾಂತ್ರಿಕ ದೋಷ’ ಎಂಬ ಮಾತನ್ನು ಯಾರು ಕೊಟ್ಟರೂ ಹಾಗೆಯೇ ಅಚ್ಚು ಹಾಕಬೇಡಿ. ಆಲಿಕಲ್ಲು ಮಳೆಯ ಹಾಗೆ ಅದು ಮೇಲಿನಿಂದ ಬಿದ್ದಿದ್ದಲ್ಲ. ಯಾರೋ ಬರೆದ, ಇನ್ನು ಯಾರೋ ನೋಡದೆ ಬಿಟ್ಟ ಒಂದು ಸಾಲು ಅದು. ನಮ್ಮ ವಿಷಯದಲ್ಲಿ ನೋಡದೆ ಬಿಟ್ಟವರು ನಾವು. ನಿಮ್ಮ ವರದಿಗಾರರು ಕೇಳಲಿ: ಯಾವ ಸಾಲು? ಯಾವಾಗಿನಿಂದ? ಎಷ್ಟು ಜನರಿಗೆ ತಟ್ಟಿದೆ? ಅಂಥದ್ದೇ ಬೇರೆ ಕಡೆ ಇದೆಯಾ ಅಂತ ನೋಡಿದ್ದೀರಾ? ನಮ್ಮಂಥವರಿಗೆ ಇದಕ್ಕೆ ಉತ್ತರ ಗೊತ್ತಿರುತ್ತದೆ. ಯಾರೂ ಕೇಳುವುದಿಲ್ಲ, ಅಷ್ಟೇ.

1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ, 40 ಸೆಕೆಂಡ್ ತುಂಬುವ ಮೊದಲೇ ಸಿಡಿದು ಹೋಯಿತು. 64 ಬಿಟ್‌ನ ದಶಮಾಂಶ ಸಂಖ್ಯೆಯನ್ನು 16 ಬಿಟ್‌ನ ಪೂರ್ಣಾಂಕದಲ್ಲಿ ತುರುಕಲು ಹೋಗಿದ್ದೇ ಕಾರಣ. ಆ ಭಾಗವನ್ನು ಏರಿಯಾನ್ 4ರಿಂದ ಎತ್ತಿ ತಂದಿದ್ದರು. ಅಲ್ಲಿ ಸರಿಯಾಗೇ ಇತ್ತು, ಇಲ್ಲಿ ಸಂಖ್ಯೆ ದೊಡ್ಡದಾಯಿತು. ನಮ್ಮ 2012ರ ಪ್ರೊಸೀಜರ್‌ನದೂ ಅದೇ ಕಥೆ ಅಲ್ವಾ? ಆದರೆ ಅಲ್ಲಿ ತನಿಖಾ ಮಂಡಳಿ ಅದೇ ಜುಲೈನಲ್ಲಿ ವರದಿ ಕೊಟ್ಟಿತು. ಯಾವ ಬದಲಾವಣೆಯಲ್ಲಿ ತಪ್ಪಾಯಿತು ಅಂತ ಎಲ್ಲರೂ ಓದುವ ಹಾಗೆ ಬರೆಯಿತು. ಬ್ರಿಟನ್ನಿನ ಅಂಚೆ ಕಚೇರಿಗಳ ಹೊರೈಜನ್ ಸಾಫ್ಟ್‌ವೇರ್ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ ನಡೆಯಿತು. ಕಂಪ್ಯೂಟರ್ ಲೆಕ್ಕವೇ ಸರಿ, ಕೌಂಟರಿನವರೇ ಕಳ್ಳರು ಅಂತ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆ ಆಯಿತು. ಕೆಲವರು ಜೈಲಿಗೂ ಹೋದರು. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾನೂನು ಬಂದಿದ್ದು 2024ರಲ್ಲಿ. ಅದನ್ನು ಓದುವಾಗ ನನಗೆ ಊರಿನವರ ಮುಂದೆ ನಿಂತಿದ್ದ ಹಾಲಿನ ಕೇಂದ್ರದ ಹುಡುಗನೇ ಕಣ್ಣೆದುರು ಬರುತ್ತಾನೆ.

ನನ್ನ ಮೇಲಿನವರಿಗೆ ಹೇಳಿಯೇ ಈ ಪತ್ರ ಬರೆಯುತ್ತಿದ್ದೇನೆ. ಹಾಲಿನ ಕೇಂದ್ರಗಳ ಗೋಡೆಗೆ ಹಾಕಲು ಡೇರಿಯವರಿಗೆ ಒಂದು ಪ್ರಕಟಣೆ ಬರೆದುಕೊಟ್ಟಿದ್ದೇನೆ. ಇನ್ನೂ ಹಾಕಿಲ್ಲ. ಅಲ್ಲಿಯವರೆಗೆ ನಿಮ್ಮ ಪತ್ರಿಕೆಯಲ್ಲಾದರೂ ಬರಲಿ:

‘ನಂಬರಿನ ಕೊನೆಗೆ ಎ, ಬಿ ಇರುವ ಸದಸ್ಯರ ಗಮನಕ್ಕೆ. ಬಟವಾಡೆಯ ಲೆಕ್ಕ ಮಾಡುವ ಪ್ರೋಗ್ರಾಂ ನಿಮ್ಮ ನಂಬರಿನ ಅಕ್ಷರವನ್ನು ಬಿಟ್ಟು ಓದುತ್ತಿತ್ತು. ಹಾಗಾಗಿ ನಿಮ್ಮ ಹಾಲಿನ ದುಡ್ಡು ಅಕ್ಷರವಿಲ್ಲದ ಅದೇ ನಂಬರಿನವರಿಗೆ ಹೋಗಿದೆ. ಅವರು ಕೇಳಿ ಪಡೆದಿದ್ದಲ್ಲ. ಕೇಂದ್ರದ ಸಿಬ್ಬಂದಿ ನಿಮ್ಮ ಹಾಲನ್ನು ಸರಿಯಾಗಿಯೇ ಬರೆದುಕೊಂಡಿದ್ದಾರೆ, ಅವರಿಂದ ಯಾವ ತಪ್ಪೂ ಆಗಿಲ್ಲ. ತಪ್ಪು ಪ್ರೋಗ್ರಾಂ ಮಾಡಿದವರದ್ದು. ನಿಮ್ಮ ಚೀಟಿಗಳನ್ನು ತಂದರೆ ಒಂದೊಂದನ್ನೂ ನಿಮ್ಮ ಎದುರಿಗೇ ತಾಳೆ ನೋಡಿ ಲೆಕ್ಕ ಕೊಡುತ್ತೇವೆ. ಚೀಟಿ ಮಾಸಿದ್ದರೂ ತನ್ನಿ.’

ಇಂತಿ,
ಡೇಟಾಬೇಸ್ ಕೆಲಸ ಮಾಡುವ ನಿಮ್ಮ ಓದುಗಳು
(ಹೆಸರು ಪ್ರಕಟಿಸಬೇಡಿ)
ಚಿಂತಾಮಣಿ